ಮರದ ಬುಡದ ಬೋಳು

ಸಿನೂ ನದಿಯ ಈಚೆ ದಂಡೆಗೆ, ನಲವತ್ತು ಹೆಕ್ಟೇರು ಹುಲ್ಲಿಗೆ
ಒಂದೇ ಮರ ಇತ್ತು ನಮಗೆ.
ಕಾಂಪಾನೊ ಅನ್ನುತ್ತೇವೆ. ಯಾರೋ ಕೊಡೆ ಬಿಚ್ಚಿಟ್ಟು
ಮರೆತು ಹೋದ ಹಾಗೆ ನಿಂತಿರುತ್ತದೆ.
ಸಂಜೆಗೆ ಎಲೆ ಮಡಚುತ್ತದೆ, ಮೋಡ ಕವಿದರೂ ಮಡಚುತ್ತದೆ,
ಬಂದ ಮಳೆಯನ್ನು ತಡೆಯದೆ ಕೆಳಗೆ ಬಿಡುತ್ತದೆ.

ಆದರೂ ಅದರ ಬುಡದಲ್ಲಿ ಹುಲ್ಲಿರಲಿಲ್ಲ.
ಬೋಳು ಮಣ್ಣು, ಸಗಣಿ, ಗಂಜಲದ ಘಾಟು, ಉಣುಗು.
"ನೋಡಿದೆಯಾ ಎಡಿಲ್ಮಾ," ಅಪ್ಪ ಮಚ್ಚಿನ ತುದಿಯಲ್ಲಿ ತೋರಿಸುತ್ತಿದ್ದ,
"ನೆರಳು ಹುಲ್ಲು ತಿನ್ನುತ್ತದೆ. ತಿನ್ನಬೇಕಾದ್ದು ಹಸು."
ಆ ಮಾತಿಗೆ ಎದುರು ಮಾತು
ನನ್ನ ಬಳಿ ಇರಲಿಲ್ಲ.

ಬೆಳಗಿನ ಹತ್ತಕ್ಕೇ ಐವತ್ತೆರಡು ಹಸು
ಆ ಒಂದು ಕೊಡೆಯ ಕೆಳಗೆ,
ನಾಲಿಗೆ ಜೋತು, ಪಕ್ಕೆ ಏರಿಳಿದು,
ಒಂದರ ಉಸಿರು ಇನ್ನೊಂದರ ಮುಖಕ್ಕೆ.
ಆಚೆ ಅಷ್ಟೂ ಹುಲ್ಲು, ಬಿಸಿಲಲ್ಲಿ,
ಎಲೆ ಹಾಕಿ ಯಾರೂ ಕೂರದ ಪಂಕ್ತಿಯ ಹಾಗೆ.
ನಾಲ್ಕಕ್ಕೆ ಹಸಿವೆದ್ದು ಹೊರಟರೆ
ಕತ್ತಲಿಗೆ ಎರಡೇ ಗಂಟೆ.
ಹಾಲಿನ ಗಾಡಿಯ ಎವೆಲಿಯೊ ಕ್ಯಾನು ಎತ್ತಿ ನೋಡಿ
ಏನೂ ಅನ್ನದೆ ಗಾಡಿಗಿಡುತ್ತಿದ್ದ.

ಅಪ್ಪ ಮರ ಕಡಿದದ್ದು ಹುಲ್ಲಿಗಾಗಿ ಅಲ್ಲ.
ಮೇ ತಿಂಗಳ ಒಂದು ಮಧ್ಯಾಹ್ನ ಸಿಡಿಲು
ನೇರ ಅದರ ನೆತ್ತಿಗೆ ಬಂತು.
ಒಂಬತ್ತು ಸತ್ತವು, ನಿಂತಲ್ಲೇ ಮಂಡಿಯೂರಿ.
ಪಾಲೋಮಾಳ ಬಾಯಲ್ಲಿ ಆ ಮರದ್ದೇ ಕೊನೆಯ ಕಾಯಿ,
ಅರ್ಧ ಅಗಿದದ್ದು.
ಕಾಯಿಯ ಸಿಹಿ ವಾಸನೆ, ಸುಟ್ಟ ಕೂದಲ ವಾಸನೆ,
ಇವತ್ತಿಗೂ ನನಗೆ ಬೇರೆ ಬೇರೆಯಲ್ಲ.
ಅಪ್ಪ ಅಳಲಿಲ್ಲ. ಗರಗಸ ತಂದ.

ಆಮೇಲೆ ಬೇಲಿ. ಒಣಗೂಟ ಗೆದ್ದಲ ಪಾಲೆಂದು
ದೊನ್ಯಾ ಹೆರ್ಮೆಲಿಂದಾಳ ಹಿತ್ತಲಿಂದ ಹಸಿಕೋಲು ತಂದು
ಹದಿನಾಲ್ಕು ಸಾಲು ನೆಟ್ಟೆವು: ಮಾತಾರಾತೋನ್.
ಹೆಸರಿಗೆ ಇಲಿ ಕೊಲ್ಲುವವ,
ಜ್ವರದ ಮಕ್ಕಳಿಗೆ ಮೀಯಿಸುವುದು ಅದರದೇ ಎಲೆಯ ನೀರು.
ತಾನು ಗೂಟ ಅಂತ ಗೂಟಕ್ಕೆ ಗೊತ್ತಿರಲಿಲ್ಲ.
ಚಿಗುರಿತು.
ಅಪ್ಪ ಕಡಿದ. ಚಿಗುರಿತು. ಕಡಿದ.
ಆರು ವರ್ಷ ಇಬ್ಬರೂ ಹಟ ಬಿಡಲಿಲ್ಲ.
ಏಳನೆಯದಕ್ಕೆ ಹೇಸರಗತ್ತೆ ಕೆಡವಿ ಅವನ ಸೊಂಟ ಮುರಿಯಿತು.

ಮಚ್ಚು ನನ್ನ ಕೈಗೆ ಬಂತು. ನಾನು ಕಡಿಯಲಿಲ್ಲ.
ಧೈರ್ಯವೇನಲ್ಲ, ಪುರುಸೊತ್ತಿರಲಿಲ್ಲ.
ಹಾಲು ಕರೆಯುವುದು, ಅಪ್ಪನ ಮಗ್ಗುಲು ಬದಲಿಸುವುದು,
ಮತ್ತೆ ಕರೆಯುವುದು.

ಫೆಬ್ರವರಿಗೆ ಬೇಲಿ ಎಲೆ ಉದುರಿಸಿ ನಸುಗೆಂಪು ಹೂ ಬಿಟ್ಟಿತು.
ಬಿದ್ದ ಹೂವನ್ನು ಕರುಗಳು ನೆಕ್ಕಿದವು.
ಸೊಪ್ಪನ್ನು ಹಸುಗಳು ಮೊದಲು ಮೂಸಿ ಮುಖ ತಿರುಗಿಸಿದವು,
ಬಾಡಿದ ಮೇಲೆ ತಿಂದವು,
ಆಮೇಲೆ ತಂತಿಯೊಳಗೆ ಕತ್ತು ತೂರಿಸಿಯೇ ತಿಂದವು.
ಸಾನ್ ಹುವಾನನ ಚಿಕ್ಕ ಬೇಸಿಗೆ ಬಂದಾಗ ನೋಡುತ್ತೇನೆ:
ಉಳಿದ ನಲವತ್ತಮೂರೂ ಚದುರಿವೆ.
ಇಲ್ಲೈದು, ಅಲ್ಲಿ ಮೂರು, ಒಂದು ತನ್ನ ಪಾಡಿಗೆ,
ಮೇಯುತ್ತಿವೆ, ಮಟಮಟ ಮಧ್ಯಾಹ್ನ.

ನೆರಳಿನ ಹುಲ್ಲು ತೆಳ್ಳಗೆ, ಉದ್ದ. ಕೊಯ್ದರೆ ತೂಕ ಕಡಿಮೆ,
ಅಪ್ಪ ಪೂರ್ತಿ ಸುಳ್ಳಾಡಿರಲಿಲ್ಲ.
ಆದರೆ ಬಿಸಿಲಿನದು ಸುಟ್ಟು ತಂತಿಯಾದ ಮೇಲೂ
ಮೂರು ವಾರ ಅದು ಮೆತ್ತಗಿತ್ತು.
ಆ ಬೋಳನ್ನು ಮಾಡಿದ್ದು ನೆರಳಲ್ಲ,
ಇನ್ನೂರ ಎಂಟು ಗೊರಸು.
ಹೋಗಲು ಬೇರೆ ಜಾಗವಿಲ್ಲದ ಗೊರಸು.
ಸಿಡಿಲಿಗೂ ಒಂದೇ ವಿಳಾಸ ಕೊಟ್ಟಿದ್ದೆವು.

ಅಪ್ಪ ಈಗ ಕಿಟಕಿಯ ಬಳಿ. ದಿನಾ ಒಂದೇ ದೂರು:
ಎಲೆ ಅಡ್ಡ, ಹಸು ಎಣಿಸಲಾಗುವುದಿಲ್ಲ.
ಗುಡುಗಿದರೆ ಬೆರಳು ಮಡಚಿ ದೂರ ಲೆಕ್ಕ ಹಾಕುತ್ತಾನೆ,
"ಎಷ್ಟಿವೆ? ಯಾವುದರ ಕೆಳಗೆ?"
ನಾನು ಹೇಳುತ್ತೇನೆ. ಅವನು ಕೇಳುತ್ತಾನೆ,
ಪ್ರತಿ ಸಂಖ್ಯೆಯನ್ನೂ.

ಇನ್ನೊಂದು ವಿಷಯ ಅವನಿಗೆ ಹೇಳಿಲ್ಲ.
ಕೊನೆಯ ಸಾಲಿನಾಚೆ, ಯಾವಾಗಲೋ ಯಾವ ಹಸುವೋ
ಸಗಣಿಯಲ್ಲಿ ಬಿಟ್ಟು ಹೋದ ಬೀಜದಿಂದ
ಎದೆಯುದ್ದ ಎದ್ದಿದೆ ಒಂದು ಕಾಂಪಾನೊ.
ನಿನ್ನೆ ಕತ್ತಲಾಗುವಾಗ ಪಕ್ಕದಲ್ಲಿ ನಿಂತಿದ್ದೆ.
ಅದು ಎಲೆ ಮಡಚಿತು.